ರೇಜರು ಜೋರಾದಷ್ಟೂ ಗಡ್ಡ ನುಣುಪೇ?

ದೀಪಾವಳಿ ರಜೆಗೆಂದು ಬೆಂಗಳೂರಿನ ಹಾಸ್ಟೆಲಿನಿಂದ ತಿಪಟೂರಿಗೆ ಬಂದ ಮಗನ ಮುಖ ನೋಡಿ ಅವನ ತಾಯಿ ಕೇಳಿದ ಮೊದಲ ಪ್ರಶ್ನೆ "ಊಟ ಆಯಿತೇನೋ?" ಎಂದಲ್ಲ, "ಯಾರ ಹತ್ತಿರ ಹೊಡೆದಾಡಿಕೊಂಡು ಬಂದೆ?" ಎಂದು. ಗದ್ದದ ಕೆಳಗೆ ಎರಡು ಕಡೆ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಕುತ್ತಿಗೆಯ ತುಂಬ ಸಾಸಿವೆ ಕಾಳಿನಷ್ಟು ದಪ್ಪದ ಕೆಂಪು ಗುಳ್ಳೆಗಳು. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಇನ್ನು ಮೂರು ವಾರಕ್ಕೆ ಕ್ಯಾಂಪಸ್ ಸಂದರ್ಶನ ಬೇರೆ!

ಅವನ ಚೀಲದಿಂದ ಹೊರಬಂದ ಅಪರಾಧಿಯನ್ನು ನೋಡಿದೆ. ಫಳಫಳ ಹೊಳೆಯುವ ಉಕ್ಕಿನ ರೇಜರು, ಕೈಯಲ್ಲಿ ಹಿಡಿದರೆ ಚಿಕ್ಕ ಸುತ್ತಿಗೆಯಷ್ಟು ತೂಕ. ಬ್ಲೇಡಿನ ಕೆಳಗೆ ಪಟ್ಟಿಯ ಬದಲು ಬಾಚಣಿಗೆಯಂಥ ಹಲ್ಲುಗಳು. "ಇದು ಅಗ್ರೆಸಿವ್ ರೇಜರು ಅಪ್ಪ. ನನ್ನಂಥ ಗಡ್ಡಕ್ಕೆ ಇದೇ ಸರಿ ಅಂತ ಹಾಸ್ಟೆಲಿನಲ್ಲಿ ಹೇಳಿದರು" ಎಂದ. ಅವನ ಗಡ್ಡ ಸೋದರಮಾವನ ಕಡೆಯದು, ನಮ್ಮೂರಿನ ತೆಂಗಿನ ನಾರಿನಷ್ಟೇ ಒರಟು. ಮೊದಲು ಬಳಸುತ್ತಿದ್ದ ಪ್ಲಾಸ್ಟಿಕ್ ರೇಜರಿನಿಂದ ಸಂಜೆಯ ಹೊತ್ತಿಗೇ ಮುಖ ಮತ್ತೆ ಕಪ್ಪಾಗುತ್ತಿತ್ತಂತೆ. ಹಾಗಾಗಿ ಈ ಬಡ್ತಿ.

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ಉದಾಹರಣೆಗೆ ಬ್ಲೇಡನ್ನೇ ಹೆಸರಿಸುತ್ತೇನೆ. ಆದರೆ ಸ್ವಂತ ಮಗನಿಗೆ ಒಂದು ದಿನವೂ ಕನ್ನಡಿಯ ಮುಂದೆ ನಿಲ್ಲಿಸಿ ಗಡ್ಡ ಹೆರೆದುಕೊಳ್ಳುವುದನ್ನು ಹೇಳಿಕೊಟ್ಟವನಲ್ಲ. ನನಗೆ ನಮ್ಮಪ್ಪನೂ ಹೇಳಿಕೊಟ್ಟಿರಲಿಲ್ಲ. ಅವರು ಹಿತ್ತಲಿನ ಕಟ್ಟೆಯ ಮೇಲೆ ಕೂತು ಮಾಡಿಕೊಳ್ಳುತ್ತಿದ್ದುದನ್ನು ಕದ್ದು ನೋಡಿ ಕಲಿತೆ. ಸೈಕಲ್ಲು, ಈಜು, ಲೆಕ್ಕ ಎಲ್ಲವನ್ನೂ ಕಲಿಸುವ ತಂದೆಯರು ಇದೊಂದರಲ್ಲಿ ಯಾಕೋ ಸಂಕೋಚಪಡುತ್ತೇವೆ. ಪ್ರೌಢಶಾಲೆಗೆ ಹೋಗುವ ಗಂಡುಮಕ್ಕಳಿರುವ ಮನೆಯವರು ಒಮ್ಮೆ ಯೋಚಿಸಿ ನೋಡಿ.

ಇರಲಿ, ರೇಜರಿಗೆ ಬರೋಣ. ಹಸುಗಳಲ್ಲಿ ಸಾಧು ಹಸು, ಹಾಯುವ ಹಸು ಇರುವಂತೆ ರೇಜರುಗಳಲ್ಲೂ ಸಾಧು ಮತ್ತು ಜೋರು ಎಂಬ ಎರಡು ಸ್ವಭಾವ. ಈ ಸ್ವಭಾವ ಬರುವುದು ಎಲ್ಲಿಂದ? ಬ್ಲೇಡಿನಿಂದಲ್ಲ. ಎರಡಕ್ಕೂ ಹಾಕುವುದು ಒಂದೇ ಅಳತೆಯ ಎರಡಂಚಿನ ಬ್ಲೇಡು: ಅಗಲ ಸುಮಾರು 22 ಮಿಲಿಮೀಟರ್, ದಪ್ಪ ಕೇವಲ 0.1 ಮಿಲಿಮೀಟರ್. ವ್ಯತ್ಯಾಸವೆಲ್ಲ ಆ ಬ್ಲೇಡನ್ನು ರೇಜರಿನ ತಲೆ ಹೇಗೆ ಹಿಡಿದುಕೊಂಡಿದೆ ಎನ್ನುವುದರಲ್ಲಿ.

ಬಡಗಿಯಿಂದ ಬಂದ ಉಪಾಯ

ಬಡಗಿಗಳು ಹಲಗೆ ನುಣುಪು ಮಾಡುವ ಉಜ್ಜುಗೊರಡನ್ನು ನೀವು ನೋಡಿರುತ್ತೀರಿ. ಮರದ ದಿಮ್ಮಿಯ ನಡುವೆ ಓರೆಯಾಗಿ ಕೂರಿಸಿದ ಉಳಿ, ಕೆಳಗಿನ ಸೀಳಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕುತ್ತಿರುತ್ತದೆ. ಉಳಿಯನ್ನು ಒಂದಿಷ್ಟು ಹೊರಕ್ಕೆ ತಟ್ಟಿದರೆ ದಪ್ಪ ಸುರುಳಿ ಬರುತ್ತದೆ, ಒಳಕ್ಕೆ ಸರಿಸಿದರೆ ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ. ಗಂಟಿರುವ ಹಲಗೆಯ ಮೇಲೆ ಉಳಿ ಹೆಚ್ಚು ಹೊರಗಿಟ್ಟು ಉಜ್ಜಿದರೆ ಮರ ಕಿತ್ತು ಬರುತ್ತದೆ. ಇಷ್ಟು ತಿಳಿದರೆ ಸೇಫ್ಟಿ ರೇಜರಿನ ಮುಕ್ಕಾಲು ಪಾಲು ತಿಳಿದಂತೆ.

ಇದು ನನ್ನ ಕಲ್ಪನೆಯ ಹೋಲಿಕೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಕತ್ತಿ ತಯಾರಕ ಉಜ್ಜುಗೊರಡಿನ ಮಾದರಿಯಲ್ಲೇ ಕ್ಷೌರದ ಕತ್ತಿಗೆ ಮರದ ಕಾವಲು ಕಟ್ಟಿದ. ಅಂಚು ಸ್ವಲ್ಪವೇ ಹೊರಗಿದ್ದರೆ ಚರ್ಮ ಆಳವಾಗಿ ಕೊಯ್ಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಮುಂದೆ 1895ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಮಾರಾಟ ಪ್ರತಿನಿಧಿಗೆ, ಮಸೆಯುವ ತಾಪತ್ರಯವೇ ಇಲ್ಲದ, ಬಳಸಿ ಬಿಸಾಡುವ ತೆಳು ಬ್ಲೇಡಿನ ಯೋಚನೆ ಹೊಳೆಯಿತು. ಅವನು ಅದುವರೆಗೆ ಮಾರುತ್ತಿದ್ದುದು ಏನು ಗೊತ್ತೆ? ಸೋಡಾ ಬಾಟಲಿಗೆ ಹಾಕುವ ತಗಡಿನ ಮುಚ್ಚಳ! ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರೇ, ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳುವಂಥದ್ದನ್ನು ಕಂಡುಹಿಡಿ ಎಂದು ಅವನಿಗೆ ಬುದ್ಧಿ ಹೇಳಿದ್ದರು. ಕಾಗದದಂಥ ಉಕ್ಕಿನ ಹಾಳೆಯನ್ನು ಗಡಸು ಮಾಡಿ ಹರಿತ ಹಿಡಿಸುವುದು ಆಗದ ಕೆಲಸ ಎಂದು ತಿಳಿದವರು ಕೈಚೆಲ್ಲಿದಾಗ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದರು. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳೇ 90 ಸಾವಿರ!

ಜಿಲೆಟ್ ರೇಜರಿನಲ್ಲಿ ತರಗತಿಯಲ್ಲಿ ತೋರಿಸಬಹುದಾದ ಒಂದು ಸೊಗಸಿದೆ. ಒಂದು ಹಾಳೆಯ ತುದಿ ಹಿಡಿದು ಅಡ್ಡಲಾಗಿ ಚಾಚಿ, ಅದು ಜೋತುಬೀಳುತ್ತದೆ. ಅದೇ ಹಾಳೆಯನ್ನು ದೋಣಿಯಂತೆ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ರೇಜರಿನ ಮುಚ್ಚಳ, ತಳ ಎರಡೂ ಬಾಗಿರುವುದು ಇದೇ ಕಾರಣಕ್ಕೆ. ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದಾಗ ತೆಳು ಬ್ಲೇಡು ಬಾಗಿ ಸೆಟೆದು ನಿಲ್ಲುತ್ತದೆ. ಕೆಲವು ಹುಡುಗರು ಹಿಡಿಯನ್ನು ಅರ್ಧ ಸುತ್ತು ಸಡಿಲಿಸಿ ರೇಜರನ್ನು ಜೋರು ಮಾಡಿಕೊಳ್ಳುತ್ತಾರಂತೆ. ದಯವಿಟ್ಟು ಬೇಡ. ಸಡಿಲ ಬ್ಲೇಡು ಕೂದಲಿಗೆ ತಾಗಿದಾಗ ಅದುರುತ್ತದೆ. ಅದುರುವ ಅಂಚು ಕತ್ತರಿಸುವುದಿಲ್ಲ, ಕೆರೆಯುತ್ತದೆ.

ಜೋರು ಎನ್ನುವುದಕ್ಕೆ ಮುಖ್ಯವಾಗಿ ಎರಡು ಅಳತೆ. ಒಂದು, ಬ್ಲೇಡಿನ ಅಂಚಿಗೂ ಅದರ ಕೆಳಗಿನ ಕಾವಲು ಪಟ್ಟಿಗೂ ನಡುವಿನ ಸಂದು. ಇನ್ನೊಂದು, ಮುಚ್ಚಳದಿಂದ ಕಾವಲಿಗೆ ಒಂದು ಗೆರೆ ಎಳೆದರೆ ಆ ಗೆರೆ ದಾಟಿ ಅಂಚು ಎಷ್ಟು ಹೊರಚಾಚಿದೆ ಎಂಬುದು. ಸಾಧು ರೇಜರಿನಲ್ಲಿ ಅಂಚು ಗೆರೆಯ ಒಳಗೇ ಅಡಗಿರುತ್ತದೆ, ಜೋರಿನದರಲ್ಲಿ ಹೊರಗೆ ಬಂದಿರುತ್ತದೆ. ಜನ ಸಾಮಾನ್ಯವಾಗಿ ಸಂದನ್ನೇ ನೋಡುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆದರೆ ಗಾಯ ಮಾಡುವುದರಲ್ಲಿ ಚಾಚಿನ ಪಾಲೂ ಕಡಿಮೆಯಲ್ಲ. ಸಂದು ದೊಡ್ಡದಾದರೆ ಏನಾಗುತ್ತದೆ? ನಮ್ಮ ಚರ್ಮ ಹಲಗೆಯಲ್ಲ, ರಬ್ಬರು. ಒತ್ತಿದಾಗ ಅದು ಸಂದಿನೊಳಗೆ ಉಬ್ಬಿ ಬ್ಲೇಡಿನ ದಾರಿಗೆ ಅಡ್ಡ ಬರುತ್ತದೆ. ಸಂದು ಹೆಚ್ಚಿದಷ್ಟೂ ಉಬ್ಬು ಹೆಚ್ಚು. ಕೆನ್ನೆಯನ್ನು ಬೆರಳಿನಿಂದ ಎಳೆದು ಹಿಡಿಯಬೇಕು ಎಂದು ಕ್ಷೌರಿಕರು ಹೇಳುವುದರ ಗುಟ್ಟು ಇದೇ.

ಟ್ಯಾಪೆಟ್ ಅಳೆಯುವ ಪಟ್ಟಿಯಿಂದ

ಮಾತಿಗಿಂತ ಅಳತೆ ಲೇಸು. ಬೈಕ್ ರಿಪೇರಿ ಅಂಗಡಿಗೆ ಹೋಗಿ ಫೀಲರ್ ಗೇಜ್ ಕೇಳಿದೆ. "ಯಾವ ಗಾಡಿ ಮೇಷ್ಟ್ರೇ, ಟ್ಯಾಪೆಟ್ ಸೌಂಡ್ ಬರ್ತಿದೆಯಾ?" ಎಂದರು. ಗಡ್ಡದ ಗಾಡಿ ಎಂದು ಹೇಳಲಾಗದೆ ನಕ್ಕು ತಂದೆ. ಬೇರೆ ಬೇರೆ ದಪ್ಪದ ಉಕ್ಕಿನ ಪಟ್ಟಿಗಳ ಗೊಂಚಲು ಅದು. ಪ್ರತಿಯೊಂದರ ಮೇಲೂ ದಪ್ಪ ಕೆತ್ತಿರುತ್ತದೆ.

ಮೊದಲು ನಮ್ಮಪ್ಪನ ಕಾಲದ ರೇಜರು. ಹಿತ್ತಾಳೆಯದು, ಮೇಲಿನ ಹೊಳಪು ಹೋಗಿದೆ, ನಾನು ಈಗಲೂ ಬಳಸುವುದು ಅದನ್ನೇ. ಹಳೆಯ ಬ್ಲೇಡು ಹಾಕಿ ಅಳೆದೆವು. 0.5 ಮಿ.ಮೀ. ಪಟ್ಟಿ ಹೊಕ್ಕಿತು, 0.6 ಹೊಗಲಿಲ್ಲ. ಮಗನ ಹೊಸ ರೇಜರಿಗೆ 1.0 ಪಟ್ಟಿ ಸಲೀಸಾಗಿ ಹೋಯಿತು. ಅದರ ಜೊತೆ 0.15ರ ಇನ್ನೊಂದು ಪಟ್ಟಿ ಸೇರಿಸಿದಾಗಷ್ಟೇ ಬಿಗಿಯಾಯಿತು. ಅಂದರೆ ಎರಡು ಪಟ್ಟು! ಮಗನ ಮುಖದಲ್ಲಿ ಮೊದಲ ಬಾರಿಗೆ ಆಸಕ್ತಿ ಕಂಡಿತು. ಅಲ್ಲಿಯವರೆಗೆ ನನ್ನ ಮಾತನ್ನು ಉಪದೇಶವೆಂದು ಸಹಿಸಿಕೊಳ್ಳುತ್ತಿದ್ದ.

ಕುತ್ತಿಗೆಯ ಗುಳ್ಳೆ ಇಳಿಯಲೆಂದು ಒಂದು ವಾರ ರೇಜರು ಮುಟ್ಟಿಸಲಿಲ್ಲ. ಮರು ಭಾನುವಾರವೂ ಅವನು ಊರಿಗೆ ಬಂದ. ಅಂದು ಬೆಳಿಗ್ಗೆ ಪ್ರಯೋಗ. ಎಡ ಅರ್ಧಕ್ಕೆ ಅಜ್ಜನ ರೇಜರು, ಬಲ ಅರ್ಧಕ್ಕೆ ಅವನದು. ಒಂದೇ ಪೊಟ್ಟಣದ ಎರಡು ಹೊಸ ಬ್ಲೇಡು, ಒಂದೇ ನೊರೆ. ಅದಕ್ಕೆ ಮೊದಲು ಬಿಸಿನೀರಿನಲ್ಲಿ ಅದ್ದಿದ ಟವೆಲ್ಲನ್ನು ಮೂರು ನಿಮಿಷ ಮುಖಕ್ಕೆ ಹಿಡಿಯುವಂತೆ ಹೇಳಿದೆ. "ಹಾಸ್ಟೆಲಿನಲ್ಲಿ ಮೂರು ನಿಮಿಷದಲ್ಲಿ ಸ್ನಾನವೇ ಮುಗಿಸಬೇಕು" ಎಂದು ಗೊಣಗಿದ.

ಈ ಮೂರು ನಿಮಿಷವೇ ಅರ್ಧ ಕ್ಷೌರ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿರುವಾಗ ಅದರ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೀರು ಒಳಹೊಕ್ಕಂತೆ ಬಂಧ ಸಡಿಲವಾಗಿ ಕೂದಲು ಉಬ್ಬಿ ಮೆತ್ತಗಾಗುತ್ತದೆ. ಕತ್ತರಿಸಲು ಬೇಕಾದ ಬಲ ಬಹಳ ಇಳಿಯುತ್ತದೆ. ನೆನೆಸದ ಕಡಲೆ ಅಗಿದಂತೆ ಒಣ ಗಡ್ಡ ಹೆರೆದು, ಆಮೇಲೆ ರೇಜರು ಸಾಲದು ಎಂದು ದೂರುವವರೇ ಹೆಚ್ಚು.

ಫಲಿತಾಂಶ ಹೀಗಿತ್ತು. ಮೊದಲ ಸಲ ಎಳೆದಾಗ ಜೋರು ರೇಜರು ಕೆನ್ನೆಯ ಮೇಲೆ ಬಹುತೇಕ ಏನನ್ನೂ ಉಳಿಸಲಿಲ್ಲ; ಅಜ್ಜನ ರೇಜರು ಮುಳ್ಳು ಉಳಿಸಿತು. ಮತ್ತೆ ನೊರೆ ಹಚ್ಚಿ ಎರಡನೆಯ ಸಲ ಎಳೆದ ಮೇಲೆ ಅವನ ತಾಯಿಯನ್ನು ಕರೆದು, ಕಣ್ಣು ಮುಚ್ಚಿ ಎರಡೂ ಕೆನ್ನೆ ಮುಟ್ಟಿ ಹೇಳು ಎಂದೆವು. "ಎರಡೂ ಒಂದೇ. ದೋಸೆ ಆರುತ್ತಿದೆ, ಬೇಗ ಬನ್ನಿ" ಎಂದಳು. ಕುತ್ತಿಗೆಯಲ್ಲಿ ಮಾತ್ರ ಜೋರು ರೇಜರು ಎರಡು ಕಡೆ ರಕ್ತದ ಚುಕ್ಕೆ ತೋರಿಸಿತು. ಒಬ್ಬನ ಮೇಲೆ ಒಂದು ದಿನ ಮಾಡಿದ್ದನ್ನು ಪ್ರಯೋಗ ಎಂದರೆ ನನ್ನ ವಿದ್ಯಾರ್ಥಿಗಳೇ ನಕ್ಕಾರು. ಆದರೂ ಅಂದು ಒಂದು ಸಂಗತಿ ಬೆಳಕಿಗೆ ಬಂತು. ಕುತ್ತಿಗೆಯ ಕೂದಲು ಎತ್ತ ಬೆಳೆದಿದೆ ಎಂದು ಅವನು ಎಂದೂ ಸವರಿ ನೋಡಿರಲಿಲ್ಲ. ಅದು ಕೆಳಮುಖವಾಗಿರಲಿಲ್ಲ, ಅಡ್ಡಡ್ಡ ಕಿವಿಯ ಕಡೆಗೆ ಮಲಗಿತ್ತು. ಇವನು ಮಾತ್ರ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಲೇ ಇದ್ದ.

ಗುಳ್ಳೆಗಳ ಮೂಲವೂ ಅಲ್ಲೇ. ಸುರುಳಿ ಸ್ವಭಾವದ ಕೂದಲನ್ನು ಚರ್ಮದ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಕತ್ತರಿಸಿದರೆ ಅದರ ಚೂಪಾದ ತುದಿ ಮತ್ತೆ ಬೆಳೆಯುವಾಗ ಹೊರಗೆ ಬರುವ ಬದಲು ಬಾಗಿ ಚರ್ಮದೊಳಕ್ಕೇ ಚುಚ್ಚುತ್ತದೆ. ದೇಹ ಅದನ್ನು ಹೊರಗಿನಿಂದ ಹೊಕ್ಕ ಮುಳ್ಳೆಂದೇ ಭಾವಿಸಿ ಊದಿಕೊಳ್ಳುತ್ತದೆ. ಇಂಥವರಿಗೆ ಚರ್ಮದ ವೈದ್ಯರು ಹೇಳುವುದು ಅಷ್ಟು ಬುಡಕ್ಕೆ ಹೆರೆಯಬೇಡಿ ಎಂದು. ಗುಳ್ಳೆ ಬಂತೆಂದು ಇನ್ನೂ ಜೋರಾದ ರೇಜರು ಕೊಳ್ಳುವುದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಮಗ ಮಾಡಿದ್ದು ಅದನ್ನೇ.

ಇನ್ನೊಂದು ಲೆಕ್ಕ. ಗಡ್ಡ ದಿನಕ್ಕೆ ಸುಮಾರು 0.4 ಮಿ.ಮೀ. ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ರೇಜರು ಇನ್ನೊಂದಕ್ಕಿಂತ 0.1 ಮಿ.ಮೀ. ಬುಡಕ್ಕೆ ಕತ್ತರಿಸಿತು ಎಂದರೂ ನಿಮಗೆ ಸಿಗುವ ಲಾಭ ಆರು ಗಂಟೆಯ ನುಣುಪು. ಬೆಳಿಗ್ಗೆ ಎಂಟಕ್ಕೆ ಹೆರೆದವನಿಗೆ ಸಂಜೆ ಆರಕ್ಕೆ ಕಾಣುವ ನೆರಳು ರಾತ್ರಿ ಹನ್ನೆರಡಕ್ಕೆ ಕಾಣುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ನೋಡುವವರು ಯಾರು?

ಹಾಗಾದರೆ ಜೋರು ಬೇಕಾದದ್ದು ಯಾರಿಗೆ?

ಜೋರು ರೇಜರುಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ಹೆರೆಯುವವರ ಉದ್ದ ಕೂದಲು ಸಾಧು ರೇಜರಿನ ಕಿರಿದಾದ ಸಂದಿನಲ್ಲಿ ನೊರೆಯ ಜೊತೆ ಸಿಕ್ಕಿಕೊಂಡು ಕೂರುತ್ತದೆ. ಹಲ್ಲಿನ ರೇಜರಾದರೆ ಹಲ್ಲುಗಳ ನಡುವೆ ಕೂದಲೂ ನೊರೆಯೂ ಸರಾಗವಾಗಿ ಹಾದು ಹೋಗುತ್ತವೆ. ಇನ್ನು ಕೆಲವರಿಗೆ ಸಾಧು ರೇಜರಿನಲ್ಲಿ ನಾಲ್ಕೈದು ಸಲ ಎಳೆದರೂ ಮುಗಿಯುವುದಿಲ್ಲ. ಪ್ರತಿ ಎಳೆತವೂ ಚರ್ಮದ ಮೇಲ್ಪದರವನ್ನು ಒಂದಿಷ್ಟು ಕೆರೆಯುತ್ತದೆ. ಅಂಥವರಿಗೆ ಜೋರು ರೇಜರಿನ ಎರಡು ಎಳೆತವೇ ಕಡಿಮೆ ಉರಿಯಾಗಬಹುದು. ಆದರೆ ಕೂದಲು ನೇರವಾಗಿರಬೇಕು, ಕೈ ಅದುರಬಾರದು, ಮೊಡವೆ ಇರಬಾರದು. ಹದಿನೇಳು ಹದಿನೆಂಟರ ಹುಡುಗರಲ್ಲಿ ಈ ಮೂರೂ ಕೂಡಿಬರುವುದು ಅಪರೂಪ.

ಜೋರಿನತ್ತ ಹೋಗುವ ಮೊದಲು ಬ್ಲೇಡು ಬದಲಾಯಿಸಿ ನೋಡಿ. ಕೆಲವೇ ರೂಪಾಯಿಯ ವಸ್ತುವನ್ನು ತಿಂಗಳಾನುಗಟ್ಟಲೆ ತಿಕ್ಕುವ ಜಿಪುಣತನ ನಮ್ಮದು. ಅಮೆರಿಕದ ಎಂ.ಐ.ಟಿ. ವಿಜ್ಞಾನಿಗಳು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸ್ವಾರಸ್ಯದ ಶೋಧನೆ ಪ್ರಕಟಿಸಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಬ್ಲೇಡು ಮೊಂಡಾಗುವುದು ಏಕೆ? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚು ಸವೆದಿರಲಿಲ್ಲ, ಅಲ್ಲಲ್ಲಿ ಚೂರು ಹಾರಿ ಮುಕ್ಕಾಗಿತ್ತು! ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಅಂಚು ಒಡೆಯುತ್ತದೆ. ಮುಕ್ಕಾದ ಅಂಚು ಕೂದಲನ್ನು ಜಗ್ಗುತ್ತದೆ. ನಮ್ಮ ರೇಜರಿಗೆ ಶಕ್ತಿ ಸಾಲದು ಎನ್ನಿಸುವುದು ಆಗಲೇ. ಹೊಸ ಬ್ಲೇಡು, ನೆನೆದ ಗಡ್ಡ, ಸರಿಯಾದ ಕೋನ, ಇವುಗಳ ನಂತರವೂ ಸಾಲದು ಎನ್ನಿಸಿದರೆ ಆಗ ರೇಜರಿನ ಮಾತು.

ಕೋನ ಕಂಡುಕೊಳ್ಳುವುದು ಸುಲಭ. ಹಿಡಿಯನ್ನು ಕೆನ್ನೆಗೆ ಲಂಬವಾಗಿ ಹಿಡಿದು ಮುಚ್ಚಳವನ್ನಷ್ಟೇ ತಾಗಿಸಿ. ನಂತರ ಹಿಡಿಯನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಅಂಚು ಕೂದಲಿಗೆ ತಾಗಿದ ಸದ್ದು ಕೇಳಿದಲ್ಲಿ ನಿಲ್ಲಿಸಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಜೋರು ರೇಜರಾದರೆ ಇನ್ನೂ ಬೇಗ ನಿಲ್ಲಿಸಬೇಕು, ಭಾರ ಮುಚ್ಚಳದ ಮೇಲಿರಬೇಕು. ಒತ್ತುವುದಂತೂ ಬೇಡವೇ ಬೇಡ. ಬ್ಲೇಡಿನ ತುದಿಯ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಕಿರಿದಾದ ವಿಸ್ತೀರ್ಣದ ಮೇಲೆ ರೇಜರಿನ ಸ್ವಂತ ತೂಕವೇ ಸಾಕಷ್ಟು ಒತ್ತಡ ತರುತ್ತದೆ. ಪ್ಲಾಸ್ಟಿಕ್ ರೇಜರಿನಲ್ಲಿ ಒತ್ತಿ ಅಭ್ಯಾಸವಾದ ಕೈ ಭಾರದ ರೇಜರಿನಲ್ಲೂ ಒತ್ತುತ್ತದೆ. ಗದ್ದದ ಕೆಳಗಿನ ಎರಡು ಗಾಯ ಹಾಗೆ ಆದವು.

ಕೊಳ್ಳುವಾಗ ಒಂದೊಂದೇ ಮೆಟ್ಟಿಲು ಏರಿ. ಜರ್ಮನಿಯ ಮ್ಯೂಲೆ ಕಂಪನಿ ಆರ್ 89 ಎಂಬ ಸಾಧು ರೇಜರನ್ನೂ ಆರ್ 41 ಎಂಬ ಹಲ್ಲಿನ ರೇಜರನ್ನೂ ತಯಾರಿಸುತ್ತದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಎರಡನೆಯದು ಜೋರಿಗೆ ಹೆಸರಾದದ್ದು. ಮೊದಲನೆಯದರಿಂದ ನೇರ ಎರಡನೆಯದಕ್ಕೆ ಹಾರುವುದು ಬುದ್ಧಿವಂತಿಕೆಯಲ್ಲ. ಕೆನಡಾದ ರಾಕ್‌ವೆಲ್ ರೇಜರಿನಲ್ಲಿ 1ರಿಂದ 6ರವರೆಗೆ ಅಂಕಿ ಹಾಕಿದ ತಳದ ಫಲಕಗಳಿರುತ್ತವೆ. ಸಂದು ಸುಮಾರು 0.2ರಿಂದ 0.8 ಮಿ.ಮೀ.ವರೆಗೆ ಏರುತ್ತಾ ಹೋಗುತ್ತದೆ. ಹಿಡಿಯ ಕತ್ತಿನ ಉಂಗುರ ತಿರುಗಿಸಿ ಸಂದು ಹೊಂದಿಸುವ ರೇಜರುಗಳೂ ಇವೆ. ಜಿಲೆಟ್ ಕಂಪನಿ 1958ರಲ್ಲಿ ತಂದ, ದಪ್ಪ ಹಿಡಿಯಿಂದಾಗಿ 'ಫ್ಯಾಟ್‌ಬಾಯ್' ಎಂಬ ಅಡ್ಡಹೆಸರು ಪಡೆದ ರೇಜರಿನಲ್ಲಿ ಹೀಗೆ ಒಂಬತ್ತು ಮಟ್ಟಗಳಿದ್ದವು. ಈ ಬಗೆಯವು ಈಗ ನಮ್ಮಲ್ಲೂ ಸಿಗುತ್ತವೆ, ಬೆಲೆ ಮಾತ್ರ ಸ್ವಲ್ಪ ಹೆಚ್ಚು. ಆದರೆ ಕೆನ್ನೆಗೊಂದು ಅಂಕಿ, ಕುತ್ತಿಗೆಗೊಂದು ಅಂಕಿ ಇಟ್ಟುಕೊಳ್ಳಬಹುದು. ಮಗನಿಗೆ ಅಂಥದ್ದೊಂದನ್ನು ಕೊಡಿಸಿದೆ. ಎರಡರಿಂದ ಶುರು ಮಾಡಿದವನು ಈಗ ಕೆನ್ನೆಗೆ ನಾಲ್ಕರಲ್ಲಿದ್ದಾನೆ. ಕುತ್ತಿಗೆಗೆ ಎರಡನ್ನು ದಾಟಿಲ್ಲ.

ತಾಯಂದಿರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಬೇಗ ಹೆರೆಯಲು ಶುರು ಮಾಡಿದರೆ ಗಡ್ಡ ಒರಟಾಗುತ್ತದೆಯೇ? ಇಲ್ಲ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ 1928ರಲ್ಲೇ ಇದನ್ನು ಪರೀಕ್ಷಿಸಿ, ಹೆರೆಯುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗದು ಎಂದು ತೋರಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ತಾಗುತ್ತದೆ, ಅಷ್ಟೇ. ಇದಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ, ಹಾಸ್ಟೆಲಿನಲ್ಲಿ ರೇಜರನ್ನು ಬೇರೆಯವರೊಂದಿಗೆ ಹಂಚಿಕೊಳ್ಳುತ್ತೀಯಾ ಎಂದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಏಳು ದಿನವಾದರೂ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿನ ಮೇಲಿದ್ದರೂ ಸಾಕು. ಜೋರು ರೇಜರಿನಲ್ಲಿ ಚರ್ಮ ಗೀರುವ ಸಂಭವ ಹೆಚ್ಚಾದ್ದರಿಂದ ಅಪಾಯವೂ ಹೆಚ್ಚು. ಇದನ್ನು ಕೇಳಿದಾಗ ನಮ್ಮವನು ತಲೆ ಕೆರೆದುಕೊಂಡ. ಹಾಸ್ಟೆಲಿನ ಆ ಹೊಸ ರೇಜರು ಆಗಲೇ ಮೂವರ ಗಡ್ಡ ನೋಡಿತ್ತು! ಮರುದಿನವೇ ವೈದ್ಯರ ಬಳಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಚಿಕ್ಕಂದಿನಲ್ಲಿ ಲಸಿಕೆ ಆಗಿತ್ತು, ಏನೂ ತೊಂದರೆಯಿಲ್ಲ ಎಂದರು. ವರದಿ ಕೈಗೆ ಬರುವವರೆಗೆ ಅವನ ತಾಯಿಗೆ ಮಾತ್ರ ವಿಷಯ ತಿಳಿಸಿರಲಿಲ್ಲ.

ಸಂದರ್ಶನದ ದಿನ ಅವನ ಕುತ್ತಿಗೆ ನೋಡುವಂತಿತ್ತು. ಮೊದಲ ಕಂಪನಿಯವರು ತೆಗೆದುಕೊಳ್ಳಲಿಲ್ಲ, ಎರಡನೆಯವರು ತೆಗೆದುಕೊಂಡರು. ಎರಡಕ್ಕೂ ಗಡ್ಡಕ್ಕೂ ಸಂಬಂಧವಿಲ್ಲ ಬಿಡಿ. ಬಳಸಿದ ಬ್ಲೇಡುಗಳನ್ನು ಹಾಕಲು ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅವನ ಚೀಲದಲ್ಲಿಟ್ಟೆ. ಕಸ ಎತ್ತುವವರ ಕೈ ಕೊಯ್ಯಬಾರದಲ್ಲ. ಆ ಹಲ್ಲಿನ ರೇಜರನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ಕುದಿಸಿ ನಾನೇ ಇಟ್ಟುಕೊಂಡಿದ್ದೇನೆ. ಬೇಸಿಗೆ ರಜೆಯಲ್ಲಿ ನಾಲ್ಕೈದು ದಿನ ಗಡ್ಡ ಬಿಟ್ಟಾಗ ಅದನ್ನು ಹೊರಗೆ ತೆಗೆಯುತ್ತೇನೆ, ಕೆನ್ನೆಗೆ ಮಾತ್ರ. ಕುತ್ತಿಗೆಗೆ ನಮ್ಮಪ್ಪನದ್ದೇ.